ಗುಲಾಬಿ ಹೂವಿನ ಕಪ್‌ಬಸಿ

ಎಡಗೆನ್ನೆ ಹೆರೆಯುವಾಗ ಹಮಾಲರ ಸಂಘದ ಬೆಂಬಲ ಕೇಳಲೇಬೇಕು ಎನಿಸಿದ್ದು ಬಲಗೆನ್ನೆಗೆ ಬರುವಷ್ಟರಲ್ಲಿ ಕೇಳಕೂಡದು ಎಂದಾಯಿತು. ಗದ್ದದ ಹತ್ತಿರ ಬಂದಾಗ ಎರಡೂ ಅನಿಸದೆ ದತ್ತಾತ್ರೇಯನ ಕೈ ನಿಂತೇಬಿಟ್ಟಿತು. ಕನ್ನಡಿಯೊಳಗೆ ಅರ್ಧ ಸಾಬೂನು, ಅರ್ಧ ಮುಖ. ಈ ಮುಖ ಬಾಗಿಲಿಗೆ ಬಂದು ಕೈ ಮುಗಿದರೆ ತಾನಾದರೂ ವೋಟು ಹಾಕುತ್ತಿದ್ದೆನೆ ಎಂದು ದಿಟ್ಟಿಸಿ ನೋಡಿದ. ಕೂತುಕೊಳ್ಳಿ ಎನ್ನುತ್ತಿದ್ದೆ, ನೀರು ಕೊಡುತ್ತಿದ್ದೆ, ಎಲ್ಲಿ ನೋವು ಎಂದು ಕೇಳುತ್ತಿದ್ದೆ. ವೋಟಿನ ಮಾತು ಬೇರೆ. ಆಳಂದದ ಪುರಸಭೆಗೆ ತಾನು ನಿಂತಿದ್ದೇನೆ ಎಂಬುದು ಅವನಿಗೆ ಈಗಲೂ ಬೆಳಿಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ನೆನಪಾಗುತ್ತಿರಲಿಲ್ಲ. ತನ್ನ ಹೋಮಿಯೋಪಥಿ ದವಾಖಾನೆಯ ಮುಂದಿನ ಗಟಾರದ ಬಗ್ಗೆ ಚಹಾದ ಅಂಗಡಿಯಲ್ಲಿ ಒಂದು ದಿನ ಬೇಸರದಿಂದ ಮಾತಾಡಿದ್ದ. "ಹಂಗಿದ್ರ ನೀವೇ ನಿಂದರ್ರಿ ಡಾಕ್ಟರ್" ಎಂದು ಯಾರೋ ಅಂದರು. ಇಲ್ಲ ಎನ್ನಲು ಬಾಯಿ ತೆರೆದಾಗ ಅದರೊಳಗೆ ಬಿಸಿ ಭಜಿ ಇತ್ತು. ಅದನ್ನು ನುಂಗುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿದ್ದರು.

"ಭಾವಜಿ, ಪ್ರೆಸ್ಸಿನಾಂವ ಸಂಜಿತನಾ ಕಾಯ್ತಾನ. ಆ ಒಂದು ಸಾಲು ಹಾಕಬೇಕೋ ಬ್ಯಾಡೋ ಹೇಳಿಬಿಡ್ರಿ," ಎಂದ ಅನಂತ, ಬಾಗಿಲಲ್ಲಿ ನಿಂತು. ಅನಂತ ಎಂದರೆ ದತ್ತಾತ್ರೇಯನ ಹೆಂಡತಿ ಸುಲಭಾಳ ತಮ್ಮ. ಅಫಜಲಪುರದಲ್ಲಿ ಅಂಚೆ ಕಚೇರಿಯ ಗುಮಾಸ್ತ. ಭಾವನ ಚುನಾವಣೆ ನಡೆಸಲೆಂದು ಬೆನ್ನುನೋವಿನ ರಜೆ ಹಾಕಿ ಬಂದಿದ್ದ. ಬೆನ್ನುನೋವಿನ ಸರ್ಟಿಫಿಕೇಟನ್ನು ಭಾವನೇ ಬರೆದುಕೊಟ್ಟಿದ್ದ. ಹೀಗಾಗಿ ಅಫಜಲಪುರದ ಕಡೆಯವರು ಯಾರಾದರೂ ಎದುರಾದರೆ ಪ್ರಚಾರದ ನಡುವೆಯೇ ಅನಂತ ಸೊಂಟ ಹಿಡಿದು ಬಾಗುತ್ತಿದ್ದ. ಬಾಗಿ ಬಾಗಿ ಈಗ ಅದು ನಿಜವಾಗಿಯೂ ನೋಯತೊಡಗಿತ್ತು. ರಾತ್ರಿ ಮಲಗುವ ಮುಂಚೆ ಭಾವ ಅದಕ್ಕೆ ಗುಳಿಗೆ ಕೊಡುತ್ತಿದ್ದ.

ಆ ಒಂದು ಸಾಲು ಎಂದರೆ 'ಹಮಾಲರ ಸಂಘದ ಬೆಂಬಲಿತ ಅಭ್ಯರ್ಥಿ' ಎಂಬುದು. ಕಾಳಿನ ಪೇಟೆಯಾದ ಗಂಜಿನ ಹಿಂದಿನ ಓಣಿಗಳೆಲ್ಲ ಹಮಾಲರವು. ತೊಗರಿ ಚೀಲ ಹೊರುವವರು, ಅವರ ಅಣ್ಣತಮ್ಮಂದಿರು, ಕಾಳು ಹಸನು ಮಾಡುವ ಹೆಂಗಸರು. ಸಂಘದವರು ಯಾರನ್ನು ತಮ್ಮವನೆಂದು ಕರೆದರೆ ವಾರ್ಡಿನ ಅರ್ಧ ಅವನ ಹಿಂದೆ. ಇನ್ನರ್ಧ ಆಗಲೇ ಅಡತಿ ಅಂಗಡಿಯ ಕಲ್ಯಾಣಪ್ಪ ಸಾಹುಕಾರನ ಹಿಂದೆ ಇತ್ತು. ಅವನಿಗೆ ಜೀಪಿತ್ತು, ಜೀಪಿನ ತಲೆಯ ಮೇಲೆ ಮೈಕಿನ ಭೋಂಗಾ ಇತ್ತು. ದತ್ತಾತ್ರೇಯನಿಗೆ ಇದ್ದದ್ದು ಛತ್ರಿ. ಪಕ್ಷವಿಲ್ಲದವರಿಗೆ ಕೊಡುವ ಗುರುತುಗಳಲ್ಲಿ ಅದು ಅವನ ಪಾಲಿಗೆ ಬಂದಿತ್ತು. ಅಂದಿನಿಂದ ಎಲ್ಲಿ ಹೋದರೂ ಛತ್ರಿ ಬಿಚ್ಚಿಕೊಂಡೇ ಹೋಗಬೇಕೆಂದು ಅನಂತನ ಕಟ್ಟಳೆ. ಮೊನ್ನೆ ಒಬ್ಬರ ಮನೆಯ ಬಾಗಿಲು ಸಣ್ಣದಿತ್ತು. ಛತ್ರಿ ಒಳಗೆ, ಅಭ್ಯರ್ಥಿ ಹೊರಗೆ ಸಿಕ್ಕಿಕೊಂಡು, ಆ ಮನೆಯ ಮುದುಕ ಒಂದೊಂದೇ ಕಡ್ಡಿ ಮಡಚಿ ಬಿಡಿಸಿದ. ಬಿಡಿಸಿದ ಮೇಲೆ, ಅಭ್ಯರ್ಥಿಗೆ ನಾಚಿಕೆಯಾಗಬಾರದೆಂದು, "ನಮ್ಮ ಬಾಗಲಾನೇ ಸುಮಾರದ್ರಿ" ಎಂದು ಬಾಗಿಲಿಗೆ ಬೈದ.

"ಅವರನ್ನ ಕೇಳದ ಹ್ಯಾಂಗ ಹಾಕಸೋದು?" ಎಂದ ದತ್ತಾತ್ರೇಯ.

"ಅದಕ್ಕ ಹೋಗಿ ಕೇಳ್ರಿ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ಬಿಟ್ಟ್ರು."

"ಹೂಂ ಅಂದ್ರ?"

ಅನಂತ ಅವನ ಮುಖ ನೋಡಿದ. ಜೇವರ್ಗಿ, ಅಫಜಲಪುರಗಳಲ್ಲಿ ಎಂತೆಂಥ ಚುನಾವಣೆ ನೋಡಿದ್ದರೂ ಬೆಂಬಲ ಸಿಕ್ಕೀತೆಂದು ಹೆದರುವ ಅಭ್ಯರ್ಥಿಯನ್ನು ಅವನು ನೋಡಿರಲಿಲ್ಲ. ದತ್ತಾತ್ರೇಯನಿಗಾದರೂ ಅದನ್ನು ಹೇಳುವುದು ಹೇಗೆ? ಹಮಾಲರ ಸಂಘದ ಅಧ್ಯಕ್ಷ ಖಾದರಸಾಬ. ಖಾದರಸಾಬ ಎಂದರೆ ಅವನಿಗೆ ಮೊದಲು ಬೆನ್ನು ಕಾಣುತ್ತದೆ; ಜೋಳದ ಚೀಲ ಹೊತ್ತು ಬಾಗಿದ, ಬೆವರಿನಿಂದ ಮಿಂಚುವ ಬೆನ್ನು. ಸುಗ್ಗಿ ಮುಗಿದ ಮೇಲೆ ಈ ಮನೆಯ ನೆಲದೊಳಗಿನ ಹಗೇವಿಗೆ ಜೋಳ ತರುತ್ತಿದ್ದವನು ಅವನು. ಚೀಲ ಇಳಿಸಿ ಕಟ್ಟೆಯ ಮೇಲೆ ಕೂತರೆ ಅಜ್ಜಿ ತುಳಸಾಬಾಯಿ ಚಹಾ ಕೊಡುತ್ತಿದ್ದಳು. ಹೊರಗೋಡೆಯ ಗೂಡಿನಲ್ಲಿ ಕಿವಿ ಮುರಿದ ಕಪ್ಪೊಂದು ಬೋರಲಾಗಿ ಇರುತ್ತಿತ್ತು. ಖಾದರಸಾಬ ತಾನೇ ಅದನ್ನು ತೆಗೆದು ಹಿಡಿಯಬೇಕು, ಅಜ್ಜಿ ಮೇಲಿನಿಂದ ಹೊಯ್ಯಬೇಕು, ಕುಡಿದ ಮೇಲೆ ಅವನೇ ತೊಳೆದು ಮತ್ತೆ ಬೋರಲು ಹಾಕಬೇಕು. ಅಜ್ಜಿ ಕೆಟ್ಟವಳಲ್ಲ, ಚಹಾ ಒಳ್ಳೆಯದಿರುತ್ತಿತ್ತು, ಜೊತೆಗೆ ಬೆಲ್ಲದ ಹೆಂಟೆ ಕೊಡುತ್ತಿದ್ದಳು. ಆದರೆ ಆ ಕಪ್ಪು ಮನೆಯೊಳಗೆ ಬಂದದ್ದನ್ನು ದತ್ತಾತ್ರೇಯ ಎಂದೂ ನೋಡಲಿಲ್ಲ. ಅಜ್ಜಿ ಹೋದಳು, ಹಗೇವು ಮುಚ್ಚಿತು, ಗೂಡಿನಲ್ಲಿ ಈಗ ಸುಲಭಾ ಸೀಮೆಎಣ್ಣೆಯ ಚಿಮಣಿ ಇಡುತ್ತಾಳೆ. ದತ್ತಾತ್ರೇಯ ಮಾತ್ರ ಹೊರಗೆ ಹೋಗುವಾಗಲೆಲ್ಲ ಆ ಗೂಡಿನ ಕಡೆ ನೋಡದೆ, ಸಾಲ ಕೊಟ್ಟವನ ಅಂಗಡಿ ದಾಟುವವನಂತೆ ದಾಟುತ್ತಿದ್ದ. ಆ ಖಾದರಸಾಬನ ಹತ್ತಿರ ಹೋಗಿ, ನಾನು ನಿಮ್ಮವನು, ನನ್ನನ್ನು ಆರಿಸಿ ಎನ್ನುವುದು ಯಾವ ಬಾಯಿಂದ? ಅವನು ಹೂಂ ಎಂದುಬಿಟ್ಟರೆ ಆ ಹೂಂ ಅನ್ನು ಇಡುವುದು ಎಲ್ಲಿ?

"ಸಾಬೂನ ಒಣಗಿ ಹಪ್ಪಳ ಆಗ್ಯದ, ಇನ್ನರೆ ತೊಳಕೋರಿ," ಎನ್ನುತ್ತ ಸುಲಭಾ ನೀರಿನ ತಂಬಿಗೆ ತಂದಿಟ್ಟಳು. "ಕೇಳಿದ್ರ ನಾಲಿಗಿ ಸವೀತದೇನು? ನನ್ನ ಕೇಳಲಿಕ್ಕ ನಿಮ್ಮಪ್ಪ ಬಂದಿದ್ರು, ನೀವೇನು ಬಂದಿದ್ರಿ? ಹುಟ್ಟಿದಾಗಿಂದ ಒಬ್ಬರ ಹತ್ರಾನೂ ಏನೂ ಕೇಳಿಲ್ಲ ನೀವು, ಊಟಕ್ಕ ಕೂತಾಗ ಉಪ್ಪು ಸುದ್ಧಾ." ಅದು ನಿಜ. ಸಾರಿಗೆ ಉಪ್ಪು ಮರೆತಿದ್ದರೂ ಅವನು ಸುಮ್ಮನೆ ಉಣ್ಣುತ್ತಿದ್ದ. ಮೊದಲ ತುತ್ತಿಗೆ ಅವನ ಹುಬ್ಬು ನೋಡಿ ಸುಲಭಾಳೇ ಉಪ್ಪಿನ ಬಟ್ಟಲು ಸರಿಸುತ್ತಿದ್ದಳು. ಈ ಚುನಾವಣೆಗೆಂದು ಅವಳು ಘತ್ತರಗಿಯ ಭಾಗ್ಯವಂತಿಗೆ ಹರಕೆಯನ್ನೂ ಹೊತ್ತಿದ್ದಳು. ಗೆಲ್ಲಲಿ ಎಂದೋ, ಸೋಲಲಿ ಎಂದೋ ಎಂದು ಕೇಳಿದ್ದಕ್ಕೆ, "ಹ್ಯಾಂಗರ ಆಗಲಿ, ಜಲ್ದಿ ಮುಗಿಸವ್ವಾ ಅಂತ" ಎಂದಿದ್ದಳು.

ದವಾಖಾನೆಯಲ್ಲಿ ರೋಗಿಗಳು ಕಡಿಮೆ, ಸಲಹೆಗಾರರು ಹೆಚ್ಚು. ಕೆಮ್ಮಿನವನು ಕೇಳಿ ಎಂದ, ಹೊಟ್ಟೆನೋವಿನವನು ಬೇಡ ಎಂದ. ಯಾರೂ ಇಲ್ಲದ ಹೊತ್ತಿನಲ್ಲಿ ಅವನು ದಪ್ಪ ಪುಸ್ತಕ ತೆರೆದು, ನಿರ್ಧಾರಕ್ಕೆ ಬರಲಾರದವರಿಗೆ ಏನು ಔಷಧ ಎಂದು ಹುಡುಕಿದ. ಎರಡು ಇದ್ದವು: ಪಲ್ಸಟಿಲಾ, ಅನಕಾರ್ಡಿಯಂ. ಮೊದಲನೆಯದು ಮೆತ್ತಗಿನ, ಬೇಗ ಕಣ್ಣೀರು ತರುವ ಸ್ವಭಾವದವರಿಗೆ; ಎರಡನೆಯದು ಒಂದು ಕಿವಿಯಲ್ಲಿ ದೇವತೆ, ಇನ್ನೊಂದರಲ್ಲಿ ಸೈತಾನ ಮಾತಾಡಿದಂತೆ ಅನಿಸುವವರಿಗೆ. ತಾನು ಯಾವ ಬಗೆಯವನು? ದೇವತೆ ಸೈತಾನರಿಬ್ಬರೂ ಮೆತ್ತಗೆ, -ರಿ ಹಚ್ಚಿ ಮಾತಾಡುತ್ತಿದ್ದರಿಂದ ಅದು ತಿಳಿಯುತ್ತಿರಲಿಲ್ಲ. ಎರಡೂ ಶೀಶೆ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತ. ಕೊನೆಗೆ ಒಂದೊಂದರಿಂದ ಅರ್ಧರ್ಧ ಪ್ರಮಾಣ ತೆಗೆದುಕೊಂಡ, ಶಾಸ್ತ್ರಕ್ಕೆ ಇದು ವಿರುದ್ಧವೆಂದು ಗೊತ್ತಿದ್ದೂ. ಅದರಿಂದಲೋ ಏನೋ, ಮಧ್ಯಾಹ್ನದ ಹೊತ್ತಿಗೆ ಅವನ ಕಾಲು ಅವನನ್ನು ಕೇಳದೆ ಗಂಜಿನ ಕಡೆ ಹೊರಟಿತು. ಮೇಲೆ ಛತ್ರಿ ಬಿಚ್ಚಿತ್ತು. ಒಳಗೆ ಅವನು ಒಂದೇ ವಾಕ್ಯವನ್ನು ತಿರುತಿರುಗಿ ಹೇಳಿಕೊಳ್ಳುತ್ತಿದ್ದ: ಖಾದರಸಾಬ, ನಿಮ್ಮ ಬೆಂಬಲ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಹಿಂದೆ ಬೇಕಾಗಿತ್ತು, ಈಗ ಬೇಡ ಎಂದಾದೀತೆ? ಬೇಕು ಎಂದರೆ ಸೊಕ್ಕು. ಬೇಕಾಗಬಹುದು ಎಂದರೆ ಹವಾಮಾನದ ವಾರ್ತೆ. ಕಲ್ಯಾಣಪ್ಪನ ಜೀಪು ಭೋಂಗಾ ಊದುತ್ತ ಪಕ್ಕದಲ್ಲೇ ಹಾದು, ಕಲ್ಯಾಣಪ್ಪ ಒಳಗಿನಿಂದ "ಡಾಕ್ಟರ್ರ, ಮಳಿ ಜೋರದ ಏನ್ರೀ!" ಎಂದು ಕೂಗಿ ನಕ್ಕ. ದತ್ತಾತ್ರೇಯ ಗಾಬರಿಯಲ್ಲಿ ಕೈ ಎತ್ತಿ ನಮಸ್ಕಾರ ಮಾಡಿದ. ಎತ್ತಿದ್ದು ಛತ್ರಿಯ ಕೈ. ಎದುರಾಳಿಗೆ ಛತ್ರಿ ಹಿಡಿದಂತಾಯಿತು.

ಗಂಜಿನ ಮೂಲೆಯಲ್ಲಿ ಬೇವಿನ ಮರದ ಕೆಳಗೆ ತಗಡಿನ ಷೆಡ್ಡು. ಅದೇ ಸಂಘದ ಕಚೇರಿ. ಅವನನ್ನು ಕಂಡದ್ದೇ ಒಳಗೆ ಸಡಗರವೆದ್ದಿತು. ಒಬ್ಬ ಚೀಲಗಳ ಮೇಲೆ ಬಿಳಿ ಚಾದರ ಹಾಸಿದ, ಇನ್ನೊಬ್ಬ ಅದರ ಮೇಲಿನ ಸುಕ್ಕು ತೀಡಿದ. ಬೀಡಿ ಸೇದುತ್ತಿದ್ದವರು ಬೀಡಿ ಆರಿಸಿದರು. ಖಾದರಸಾಬ ಗಡ್ಡ ನೆರೆತು, ಬೆನ್ನು ಇನ್ನೂ ಚೀಲದ ಆಕಾರದಲ್ಲೇ ಉಳಿದಿದ್ದ ಮನುಷ್ಯ. ಅವನು ಎದ್ದು ಬಂದು, "ಬರ್ರಿ ಬರ್ರಿ ಡಾಕ್ಟರ್ ಸಾಹೇಬರ, ನಮ್ಮ ಬಡವರ ಕಡೀಗಿ ಕಾಲು ಬಂದ್ವಲ್ಲ, ಭಾಳ ಖುಷಿ ಆತ್ರಿ. ಮ್ಯಾಲ ಕೂಡ್ರಿ, ಚಾದರದ ಮ್ಯಾಲ," ಎಂದ. ಮೂಲೆಯಲ್ಲಿ ನೀರಿನ ಹರವಿ, ಅದರ ಮೇಲೆ ಜರ್ಮನ್ ಎನ್ನುವ ಅಲ್ಯುಮಿನಿಯಂ ಲೋಟ ಒಂದು. ಎಲ್ಲರೂ ಅದರಲ್ಲೇ ನೀರು ಎತ್ತಿ ಕುಡಿಯುತ್ತಿದ್ದರು. ಆದರೆ ಅವನಿಗಾಗಿ ಖಾದರಸಾಬ ಗೋಡೆಯ ಗೂಡಿಗೆ ಕೈ ಹಾಕಿ ಒಂದು ಕಪ್‌ಬಸಿ ತೆಗೆದ. ಅಂಚಿಗೆ ಬಂಗಾರದ ಗೆರೆ, ಹೊಟ್ಟೆಯ ಮೇಲೆ ಗುಲಾಬಿ ಹೂ. ಧೂಳು ಊದಿ, ತನ್ನ ಹೆಗಲ ವಸ್ತ್ರದಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದ. ಚಹಾ ಬಂತು. ಬಸಿಯ ಮೇಲೆ ಒಂದು ಬಿಸ್ಕೀಟು ಬಂತು. ದತ್ತಾತ್ರೇಯ ಕಣ್ಣು ಒರೆಸಿಕೊಂಡ (ಪಲ್ಸಟಿಲಾದ ಲಕ್ಷಣ ಎಂದು ಮನಸ್ಸು ಹೇಳಿತು). ತಮ್ಮ ಮನೆಯಲ್ಲಿ ಕಿವಿ ಮುರಿದದ್ದು, ಇಲ್ಲಿ ಗುಲಾಬಿ ಹೂವು.

"ಖಾದರಸಾಬ, ನಮ್ಮ ಮನ್ಯಾಗ ಅಲ್ಲಿ ಗೂಡಿನೊಳಗ..." ಎಂದು ಶುರುಮಾಡಿದ.

"ಹೌದ್ರಿ, ನಿಮ್ಮ ಅಜ್ಜಿ ಚಾದಾಗ ಶುಂಠಿ ಭಾಳ ಹಾಕ್ತಿದ್ರು. ಒಂದು ಚೀಲ ಜಾಸ್ತಿನೇ ಹೊರಬೇಕು ಅನಸ್ತಿತ್ತು," ಎಂದ ಖಾದರಸಾಬ. ಮಾತು ಅಲ್ಲಿಗೇ ನಿಂತಿತು. ನಿಲ್ಲಿಸಲೆಂದೇ ಅವನು ಶುಂಠಿಯನ್ನು ಅಡ್ಡ ತಂದನೇನೋ ಎಂದು ದತ್ತಾತ್ರೇಯನಿಗೆ ಆಮೇಲೆ ಅನಿಸಿತು. ಆಗ ಮಾತ್ರ ಅವನು ತಯಾರು ಮಾಡಿಕೊಂಡಿದ್ದ ವಾಕ್ಯವನ್ನು ಕಣ್ಣುಮುಚ್ಚಿ ಹೇಳಿಬಿಟ್ಟ. ಬೇಕಾಗಿತ್ತು, ಬೇಕು, ಬೇಕಾಗಬಹುದು ಮೂರೂ ಅದರಲ್ಲಿ ಸೇರಿಕೊಂಡವು. ಖಾದರಸಾಬ ಎದೆಯ ಮೇಲೆ ಕೈಯಿಟ್ಟು, "ನೀವು ದೊಡ್ಡವರು, ಬಂದದ್ದೇ ನಮಗ ಭಾಳ ಆತ್ರಿ. ಇನ್ನ ಸ್ವಲ್ಪ ಚಾ ತಗೋರಿ," ಎಂದ. ಎಲ್ಲರೂ ಬಾಗಿಲವರೆಗೆ ಬಂದು ಕಳಿಸಿದರು. ಒಬ್ಬ ಅವನ ಚಪ್ಪಲಿಯನ್ನೂ ತಿರುಗಿಸಿ ಇಟ್ಟ.

ಮರಳುವಾಗ ಅವನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಕೇಳುವುದೆಂದರೆ ಇಷ್ಟೇ ಏನು? ಇದಕ್ಕೇ ಐವತ್ತು ವರ್ಷ ಹೆದರಿದೆನೆ? ಉಪ್ಪನ್ನೂ ಕೇಳಬಹುದಾಗಿತ್ತು, ಮಜ್ಜಿಗೆಯನ್ನೂ ಕೇಳಬಹುದಾಗಿತ್ತು. ದಾರಿಯಲ್ಲಿ ಕಾಯುತ್ತಿದ್ದ ಅನಂತನಿಗೆ, "ಹಾಕಸು, ದೊಡ್ಡ ಅಕ್ಷರದಾಗ ಹಾಕಸು," ಎಂದ. ಅನಂತ ಬೆನ್ನುನೋವನ್ನು ಮರೆತು ಪ್ರೆಸ್ಸಿಗೆ ಓಡಿದ.

ಸಂಜೆ ಹೀರಾಬಾಯಿ ಮೊಳಕಾಲು ನೋವಿಗೆ ಗುಳಿಗೆ ಒಯ್ಯಲು ಬಂದಳು. ಅವಳು ಗಂಜಿನಲ್ಲಿ ಕಾಳು ಕೇರಿ ಹಸನು ಮಾಡುವ ಮುದುಕಿ. ಬಂದಾಗಲೆಲ್ಲ ಸೆರಗಿನ ಗಂಟು ಬಿಚ್ಚಿ ನಾಲ್ಕು ಶೇಂಗಾ ಮೇಜಿನ ಮೇಲೆ ಇಡುತ್ತಿದ್ದಳು. ದತ್ತಾತ್ರೇಯನಿಗೆ ಹೇಳದಿರಲು ಆಗಲಿಲ್ಲ.

"ನಿಮ್ಮ ಸಂಘಕ್ಕ ಹೋಗಿದ್ದೆ, ಹೀರಾಬಾಯಿ. ಏನು ಮರ್ಯಾದಿ, ಏನು ಮರ್ಯಾದಿ!"

"ಕುಡಿಯಾಕ ಏನರ ಕೊಟ್ರೇನ್ರಿ?"

"ಚಹಾ ಕೊಟ್ರು. ಕಪ್‌ಬಸಿಯೊಳಗ."

"ಗುಲಾಬಿ ಹೂವಿಂದು?"

"ಹೌದು, ಅದೇ."

"ಬಿಸ್ಕೀಟೂ ಇತ್ತೇನ್ರಿ?"

"ಇತ್ತು!"

ಹೀರಾಬಾಯಿ ಮೊಳಕಾಲು ತಿಕ್ಕುವುದನ್ನು ನಿಲ್ಲಿಸಿ, ಜ್ವರ ಇಳಿಯದ ಕೂಸನ್ನು ನೋಡುವಂತೆ ಅವನನ್ನು ನೋಡಿದಳು. "ಅಯ್ಯ ನನ್ನಪ್ಪಾ, ಹಂಗಾದ್ರ ಹೋತು ಬಿಡ್ರಿ," ಎಂದಳು. "ಆ ಕಪ್ ಹೊರಗಿನಿಂದ ಬಂದ ಮೆಹಮಾನರದು. ಸಾವ್ಕಾರ್ರು ಹಮಾಲಿ ಕೂಲಿ ಹೆಚ್ಚು ಮಾಡಂಗಿಲ್ಲ ಅನ್ನಾಕ ಬಂದ್ರ ಅದ್ರಾಗ ಚಾ. ಸಾಹೇಬರು ಬರೇ ಮಾತಾಡಿ ಹೋಗಾಕ ಬಂದ್ರ ಅದ್ರಾಗ ಚಾ. ಯಾರಿಗಿ ಆಗಂಗಿಲ್ಲ ಅನ್ನೂದದ, ಅವರಿಗಿ ಬಾಯಿಲೆ ಅನ್ನಂಗಿಲ್ರಿ ಇವರು. ಬಾಗಲಾಕ ಬಂದಾವರ ಮನಸು ಯಾಕ ನೋಯಿಸಬೇಕಂತ ಕಪ್ಪಿನ್ಯಾಗ ಚಾ ಕೊಟ್ಟು ಕಳಿಸಿಬಿಡ್ತಾರ. ಇಡೀ ಗಂಜಿಗೇ ಗೊತ್ತದ."

"ಹಂಗಾದ್ರ ತಮ್ಮಾವ ಅಂದ್ರ?"

"ತಮ್ಮಾವಗ ಯಾರು ಚಾದರ ಹಾಸ್ತಾರ್ರಿ? ಬೈತಾರ, ಕೆಲಸ ಹಚ್ತಾರ. ಹ್ವಾದ ಸಲ ಆ ಮಾಸ್ತರ್ರು ನಿಂತಿದ್ರಲ್ಲ, ಅವರ ಕೈಲೆ ಮಧ್ಯಾನ ಪೂರಾ ಚೀಲದ ಬಾಯಿ ಹೊಲಿಸಿದ್ರು. ಪಾಪ, ಧೋತರ ಹರಕೊಂಡು ಹೋದ್ರು. ಗೆದ್ದರು."

ದತ್ತಾತ್ರೇಯ ಮೇಜಿನ ಮೇಲಿನ ಶೇಂಗಾ ನೋಡುತ್ತ ಕೂತ. "ಕಲ್ಯಾಣಪ್ಪಗೂ ಅದ್ರಾಗೇ ಕೊಟ್ಟಾರೇನು?"

"ಮೊನ್ನೆ ಕೊಟ್ಟಾರ್ರಿ. ಎರಡು ಬಿಸ್ಕೀಟ ಇಟ್ಟಿದ್ರು."

ತನಗೆ ಒಂದು. ಹಾಗಾದರೆ ತನ್ನನ್ನು ಅರ್ಧ ಮಾತ್ರ ಬೇಡವೆಂದರೇ, ಅಥವಾ ಬೇಡವೆನ್ನುವುದರಲ್ಲೂ ತಾನು ಕಲ್ಯಾಣಪ್ಪನಿಗಿಂತ ಅಗ್ಗವೇ? ಅವಮಾನದ ನಡುವೆಯೂ ಮನಸ್ಸು ಹೀಗೆ ಬಿಸ್ಕೀಟು ಎಣಿಸುತ್ತಿರುವುದು ನೋಡಿ ಅವನಿಗೆ ಮತ್ತಷ್ಟು ಅವಮಾನವಾಯಿತು. ಗುಲಾಬಿ ಹೂವಿನ ಕಪ್ಪು, ಕಿವಿ ಮುರಿದ ಕಪ್ಪು, ಎರಡೂ ಗೂಡಿನಲ್ಲೇ. ಒಂದರಲ್ಲಿ ಹೊರಗಿನವನಿಗೆ ಅಜ್ಜಿ ಕೊಟ್ಟಳು, ಒಂದರಲ್ಲಿ ಹೊರಗಿನವನಿಗೆ ಖಾದರಸಾಬ ಕೊಟ್ಟ. ಖಾದರಸಾಬ ಒರೆಸಿ ಕೊಟ್ಟ, ಅಷ್ಟು ಫರಕು. "ನಾ ಹೇಳಿದ್ನಂತ ಅನಬ್ಯಾಡ್ರಿ ಮತ್ತ," ಎಂದು ಹೀರಾಬಾಯಿ ಸೆರಗಿನಿಂದ ಇನ್ನೂ ಎರಡು ಶೇಂಗಾ ತೆಗೆದಿಟ್ಟು, ಅಷ್ಟು ಸಾಲದೆಂಬಂತೆ ಅವನ ತೋಳು ತಟ್ಟಿ ಹೋದಳು. ಆಗ ಅವನಿಗೆ ಪ್ರೆಸ್ಸು ನೆನಪಾಯಿತು.

ಪ್ರೆಸ್ಸಿನ ಅಮೃತ ಅಚ್ಚಿನ ಮೊಳೆಗಳನ್ನು ಜೋಡಿಸಿ ಮುಗಿಸಿ, ಮೊದಲ ಹಾಳೆ ಒತ್ತಲು ನಿಂತಿದ್ದ. ಹಗ್ಗದ ಮೇಲೆ ಕಲ್ಯಾಣಪ್ಪನ ಕರಪತ್ರಗಳು ಬಟ್ಟೆಯ ಹಾಗೆ ಒಣಗುತ್ತಿದ್ದವು. ದತ್ತಾತ್ರೇಯ ಒಂದನ್ನು ಓದಿದ: 'ಹಮಾಲರ ಸಂಘದ ಸಂಪೂರ್ಣ ಬೆಂಬಲಿತ ಅಭ್ಯರ್ಥಿ.'

"ಅವರಿಗೂ ಚಾ ಕೊಟ್ಟು ಭಾಳ ಮರ್ಯಾದಿ ಮಾಡಿದ್ರಂತ್ರಿ," ಎಂದ ಅಮೃತ.

ನಡೆದದ್ದನ್ನು ಕೇಳಿದ ಅನಂತ ಭಾವನನ್ನು ಮೂಲೆಗೆ ಎಳೆದ. "ಭಾವಜಿ, ತೆಗಸಬ್ಯಾಡ್ರಿ. ಅವರು ಸಂಪೂರ್ಣ ಅಂತ ಹಾಕ್ಯಾರ, ನಾವು ಬರೇ ಬೆಂಬಲಿತ ಅಂತ ಹಾಕೋಣ. ಕಮ್ಮಿ ಸುಳ್ಳು. ಈ ಸಾಲು ಹೋದ್ರ ನಾವೂ ಹೋದ್ವಿ ನೋಡ್ರಿ."

ಅನಂತ ಹೇಳಿದ್ದು ಸರಿ. ಸಾಲು ಇದ್ದರೆ ನಾಲ್ಕು ಜನ ನಂಬುತ್ತಿದ್ದರು, ಇಲ್ಲದಿದ್ದರೆ ಗಟಾರವೂ ಉಳಿಯುತ್ತದೆ, ತಾನೂ ಅದರ ಪಕ್ಕದಲ್ಲಿ ಹಾಗೇ ಉಳಿಯುತ್ತೇನೆ. ದತ್ತಾತ್ರೇಯನ ಒಂದು ಕಿವಿಯಲ್ಲಿ ಒಬ್ಬ, ಇನ್ನೊಂದು ಕಿವಿಯಲ್ಲಿ ಇನ್ನೊಬ್ಬ ಮೆಲ್ಲಗೆ ಮಾತು ಶುರುಮಾಡಿದರು. ಆದರೆ ಕಣ್ಣ ಮುಂದೆ ಇದ್ದದ್ದು ಹೆಗಲ ವಸ್ತ್ರ, ಬೆಳಕಿಗೆ ಹಿಡಿದು ಮತ್ತೆ ಒರೆಸಿದ ಕೈ. "ಅಷ್ಟು ಛಲೋ ಚಹಾ ಕುಡದು ಅವರ ಹೆಸರಿನ ಮ್ಯಾಲ ಸುಳ್ಳು ಹ್ಯಾಂಗ ಹಾಕಸೋದೋ ಅನಂತಾ," ಎಂದ. ಅವನಿಗೇ ಆಶ್ಚರ್ಯವಾಗುವಂತೆ ಈ ಸಲ ಗುಳಿಗೆ ಬೇಕಾಗಲಿಲ್ಲ.

ಇಡೀ ಸಾಲು ತೆಗೆದರೆ ಕೆಳಗಿನದೆಲ್ಲ ಕುಸಿಯುತ್ತದೆ ಎಂದ ಅಮೃತ. 'ಹಮಾಲರ ಸಂಘದ' ಎಂಬಷ್ಟನ್ನು ಮಾತ್ರ ಕಿತ್ತು, ಆ ಜಾಗಕ್ಕೆ ಮದುವೆಯ ಕರೆಯೋಲೆಗಳಿಗೆ ಹಾಕುವ ಹೂಗಳನ್ನು ಕೂಡಿಸಿದ. ಅಚ್ಚಾಗಿ ಬಂದದ್ದನ್ನು ಅನಂತ ಗಟ್ಟಿಯಾಗಿ ಓದಿದ: "ಛತ್ರಿ ಗುರುತಿನ ಡಾಕ್ಟರ್ ದತ್ತಾತ್ರೇಯ. ಹೂವು, ಹೂವು, ಹೂವು, ಬೆಂಬಲಿತ ಅಭ್ಯರ್ಥಿ." ಆಮೇಲೆ ಅನಂತ ಸುತ್ತ ನೋಡಿ, "ಛತ್ರಿ ಎಲ್ಲಿ?" ಎಂದ.

ಛತ್ರಿ ಸಂಘದಲ್ಲೇ ಉಳಿದಿತ್ತು. ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ, ಅದನ್ನು ತರಲು ಹೋಗಬೇಕೋ ಬೇಡವೋ ಎಂದು ಎಡಗೆನ್ನೆಗೂ ಬಲಗೆನ್ನೆಗೂ ಮತ್ತೆ ವಾದವಾಯಿತು. ಗುರುತಿಲ್ಲದ ಅಭ್ಯರ್ಥಿ ಎಂದರೆ ಬಾಸಿಂಗ ಮರೆತ ಮದುಮಗ ಎಂದ ಅನಂತ. ಹೊಸದೊಂದು ತಂದರಾಯಿತು ಎಂದು ದತ್ತಾತ್ರೇಯ ಗೊಣಗಿದ. "ನಿನ್ನೆ ಅಷ್ಟು ದೊಡ್ಡದು ಕೇಳಿ ಬಂದೀರಿ, ಇವತ್ತ ನಮ್ಮದ ಛತ್ರಿ ಕೇಳಲಿಕ್ಕ ಏನಾಗ್ಯದ?" ಎಂದಳು ಸುಲಭಾ. ಮತ್ತೆ ಆ ಬಿಳಿ ಚಾದರ, ಆ ಗುಲಾಬಿ ಹೂವು. ಈಗ ಅದರ ಅರ್ಥ ಗೊತ್ತಿದ್ದೂ ಗೊತ್ತಿಲ್ಲದವನಂತೆ ಕುಡಿಯಬೇಕು. ಬಾಗಿಲಲ್ಲೇ ನಿಂತು, ಕೂರುವುದಿಲ್ಲ, ಅವಸರವಿದೆ, ರೋಗಿಗಳು ಕಾಯುತ್ತಿದ್ದಾರೆ ಎಂದುಬಿಡಬೇಕು. ರೋಗಿಗಳು ಕಾಯುತ್ತಿರಲಿಲ್ಲ, ಯಾವತ್ತೂ ಕಾಯುತ್ತಿರಲಿಲ್ಲ.

ಗಂಜಿನಲ್ಲಿ ಖಜೂರಿ ಕಡೆಯಿಂದ ಬಂದ ಲಾರಿಯೊಂದು ಷೆಡ್ಡಿಗೆ ಅಡ್ಡವಾಗಿ ನಿಂತಿತ್ತು. ಚೀಲ ಇಳಿಸುವ ಗದ್ದಲದಲ್ಲಿ ಯಾರೂ ಅವನನ್ನು ನೋಡಲಿಲ್ಲ. ಚಾದರವಿಲ್ಲ, ಬರ್ರಿ ಇಲ್ಲ. ಛತ್ರಿ ಮಾತ್ರ ದೂರದಿಂದಲೇ ಕಂಡಿತು. ಅಂಗಳದ ನಟ್ಟನಡುವೆ ಚೀಲದ ಸಂದಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ಅದರ ನೆರಳಿನಲ್ಲಿ ಹೀರಾಬಾಯಿ ಮೊಳಕಾಲು ಚಾಚಿ ತೊಗರಿ ಕೇರುತ್ತಿದ್ದಳು. "ಪಾಡ ಅದ್ರೀ ನಿಮ್ಮ ಛತ್ರಿ, ನೆಳ್ಳು ತಂಪದ," ಎಂದಳು. ಅವನು ಕೈ ಚಾಚಿದವನು ಹಿಂದೆ ತೆಗೆದ. ಎಳೆದುಕೊಂಡರೆ ಬಿಸಿಲು ನೇರ ಅವಳ ನೆತ್ತಿಗೆ. "ಇರಲಿ, ಬಿಸಲದ," ಎಂದು, ಇನ್ನು ತಿರುಗಿ ಹೋಗುವುದೇ ಸರಿ ಎಂದು ತಿರುಗಿದ.

"ಏ ಡಾಕ್ಟರ್!"

ಲಾರಿಯ ಮೇಲೆ, ಚೀಲಗಳ ನಡುವೆ ನಿಂತು ಖಾದರಸಾಬ ಕೂಗುತ್ತಿದ್ದ. "ಅಲ್ಲೇನು ಗೊಂಬಿಗತೆ ನಿಂತೀ? ಈ ಹಗ್ಗ ಹಿಡಿ! ಜಗ್ಗು! ಅತ್ತಾಗಲ್ಲೋ, ಇತ್ತಾಗ!"

ತನಗೇ ಎಂದು ತಿಳಿಯಲು ದತ್ತಾತ್ರೇಯನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಓಡಿಹೋಗಿ ಹಗ್ಗ ಹಿಡಿದ. ಗುಳಿಗೆ ಎಣಿಸುವ ಬೆರಳು ಹಗ್ಗಕ್ಕೆ ಹೆದರಿದವು. ಒಂದು ಚೀಲ ವಾಲಿ, ಬಾಯಿ ಬಿಚ್ಚಿ, ತೊಗರಿ ಅವನ ತಲೆಯ ಮೇಲೆ ಸುರಿದು ಜೇಬು ತುಂಬಿತು. "ಮಳ್ಳ ಇದ್ದೀ ಏನೋ! ಎರಡೂ ಕೈಲೆ ಹಿಡೀಬೇಕು!" ಎಂದು ಖಾದರಸಾಬ ಬೈದ. ಸುತ್ತಲಿನವರು ಹೋ ಎಂದು ನಕ್ಕರು. ಛತ್ರಿಯ ಕೆಳಗಿನಿಂದ ಹೀರಾಬಾಯಿ, "ಛತ್ರಿಯಾಂವಗೇ ಮಳಿ ಬಡೀತು ನೋಡ್ರೇ!" ಎಂದಳು. ದತ್ತಾತ್ರೇಯನ ಕಿವಿ ಕೆಂಪಾಯಿತು, ಹುಟ್ಟಿದಾಗಿನಿಂದ ಇಷ್ಟು ಜನರ ಮುಂದೆ ಯಾರೂ ಅವನಿಗೆ ಏಕವಚನದಲ್ಲಿ ಬೈದಿರಲಿಲ್ಲ. ಆ ಕೆಂಪು ಇಳಿಯುವ ಮುಂಚೆಯೇ ಹೀರಾಬಾಯಿಯ ನಿನ್ನೆಯ ಮಾತು ನೆನಪಾಯಿತು: ಬೈತಾರ, ಕೆಲಸ ಹಚ್ತಾರ. ಅವನು ಎರಡೂ ಕೈಯಿಂದ ಹಗ್ಗ ಹಿಡಿದ.

ಲಾರಿ ಖಾಲಿಯಾದ ಮೇಲೆ ಜರ್ಮನ್ ಲೋಟ ಕೈಯಿಂದ ಕೈಗೆ ಬಂತು. ಎತ್ತಿ ಕುಡಿಯಲು ಹೋಗಿ ಅರ್ಧ ಅಂಗಿಗೆ, ಅರ್ಧ ಮೂಗಿಗೆ ಹೋಯಿತು. ಖಾದರಸಾಬ ಪಕ್ಕದಲ್ಲಿ ಕೂತು, ಅವನ ಕೊರಳಪಟ್ಟಿಯಿಂದ ತೊಗರಿ ಕಾಳು ಆರಿಸಿ ತೆಗೆಯುತ್ತ, "ರಾತ್ರಿ ಬೀಳೂದ್ರಾಗ ಪ್ರೆಸ್ಸಿಗೆ ಓಡಿದ್ಯಂತ ನಮ್ಮ ಹೆಸರು ತೆಗಸಾಕ?" ಎಂದ. "ಅಮೃತ ಹೇಳಿದ. ಇನ್ನೊಬ್ಬ ಅದಾನ, ಚಾ ಕುಡದು ಮೀಸಿ ಒರಸಿಕೊಂಡು ಸೀದಾ ಹೋಗಿ ನಮ್ಮ ಹೆಸರು ಅಚ್ಚು ಹಾಕಿಸ್ಯಾನ. ಸಂಪೂರ್ಣ ಅಂತ!" ಜೇಬಿನಿಂದ ಮಡಚಿದ ಕರಪತ್ರ ತೆಗೆದು ಬಿಚ್ಚಿದ. "ಇದೊಂದು ಹೇಳು. ಇಲ್ಲಿ ಹೂ ಯಾಕ ಬಂದಾವ?"

"ಜಾಗಾ ಖಾಲಿ ಉಳೀತು, ಅದಕ್ಕ..."

ಖಾದರಸಾಬ ಹೂಗಳನ್ನು ಬಹಳ ಹೊತ್ತು ನೋಡಿದ. "ಖಾಲಿ ಯಾಕ ಉಳೀಬೇಕು," ಎಂದಷ್ಟೇ ಅಂದು ಕರಪತ್ರವನ್ನು ಜೋಪಾನವಾಗಿ ಮಡಚಿ ಜೇಬಿಗೆ ಹಾಕಿದ. ಏನಾದರೂ ಹೇಳಬೇಕು, ಧನ್ಯವಾದವೋ, ಕಿವಿ ಮುರಿದ ಕಪ್ಪಿನ ಮಾತೋ, ಎಂದು ದತ್ತಾತ್ರೇಯ ವಾಕ್ಯ ಜೋಡಿಸುತ್ತಿದ್ದಾಗ ಭೋಂಗಾದ ಸದ್ದು ಬಂತು. ಜೀಪು ನಿಂತು ಕಲ್ಯಾಣಪ್ಪ ಇಳಿದ. ಖಾದರಸಾಬ ಚಂಗನೆ ಎದ್ದ, ಎದೆಯ ಮೇಲೆ ಕೈ ಬಂತು, ದನಿಗೆ ಜೇನು ಬಂತು. "ಬರ್ರಿ ಬರ್ರಿ ಸಾವ್ಕಾರ್ರ! ನಮ್ಮ ಬಡವರ ಕಡೀಗಿ ಮತ್ತ ಕಾಲು ಬಂದ್ವಲ್ಲ! ಏ, ಚಾದರ ಹಾಸ್ರಿ!" ಎಂದವನು ಅದೇ ಉಸಿರಿನಲ್ಲಿ ಹಿಂದಕ್ಕೆ ತಿರುಗಿ, "ಏ ಡಾಕ್ಟರ್, ಏನು ಬಾಯಿ ತಕ್ಕೊಂಡು ಕೂತೀ? ಗೂಡಿನ್ಯಾಗಿನ ಕಪ್‌ಬಸಿ ತೊಳಕೊಂಡು ಬಾ. ಕುಡದ ಮ್ಯಾಲ ಮತ್ತ ತೊಳದು ಬೋರಲ ಹಾಕಬೇಕು, ಮರೀಬ್ಯಾಡ," ಎಂದ.

ನಳದ ಕೆಳಗೆ ದತ್ತಾತ್ರೇಯ ಗುಲಾಬಿ ಹೂವನ್ನು ತೊಳೆದ. ಬಂಗಾರದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದ, ಒದ್ದೆಯಾಗದೆ ಉಳಿದಿದ್ದ ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದ. ನಗು ಒಳಗಿಂದ ಕಪ್ಪನ್ನು ಅಲುಗಿಸುತ್ತಿತ್ತು. ಒಯ್ದು ಕೊಟ್ಟಾಗ ಕಲ್ಯಾಣಪ್ಪ ಚಾದರದ ಮೇಲೆ ಹರಡಿಕೊಂಡು ಕೂತಿದ್ದ. ಮೈತುಂಬ ತೊಗರಿ ಧೂಳು, ಒದ್ದೆ ಅಂಗಿ, ಕೈಯಲ್ಲಿ ಬಸಿ ಹಿಡಿದ ತನ್ನ ಎದುರಾಳಿಯನ್ನು ನೋಡಿ ಅವನ ಮುಖದಲ್ಲಿ ನಿಜವಾದ ಮರುಕ ಮೂಡಿತು. "ಡಾಕ್ಟರ್ರ, ನಿಮ್ಮ ಕೈಲೆ ಇಂಥಾ ಕೆಲಸ ಮಾಡಸ್ತಾರಲ್ರಿ ಇವರು. ನೋಡ್ರಿ, ನನಗ ಹೆಂಗ ಮರ್ಯಾದಿ ಕೊಡ್ತಾರ," ಎಂದು ಮೆಲ್ಲಗೆ ಹೇಳಿ, ಸಮಾಧಾನಕ್ಕೆಂದು ಅವನ ಬೆನ್ನು ತಟ್ಟಿದ. ಒಳ್ಳೆಯ ಮನುಷ್ಯನೇ ಎನಿಸಿತು ದತ್ತಾತ್ರೇಯನಿಗೆ; ನಿನ್ನೆ ಇದೇ ಚಾದರದ ಮೇಲೆ ತಾನೂ ಹೀಗೆಯೇ ಅರಳಿ ಕೂತಿದ್ದೆ.

"ಎರಡು ಬಿಸ್ಕೀಟ ಇಡು," ಎಂದ ಖಾದರಸಾಬ.

ದತ್ತಾತ್ರೇಯ ಎರಡು ಇಟ್ಟ. ಕಲ್ಯಾಣಪ್ಪನ ಸಂತೋಷದ ಮುಖವನ್ನು ಒಮ್ಮೆ ನೋಡಿ, ಪೊಟ್ಟಣಕ್ಕೆ ಮತ್ತೆ ಕೈ ಹಾಕಿ, ಯಾರನ್ನೂ ಕೇಳದೆ, ಇನ್ನೊಂದು ಇಟ್ಟ.